ಮುಂದಿನ ವಿಂಡೋಸ್‌ಗೂ ನಡೆಯುವ ಲ್ಯಾಪ್‌ಟಾಪ್: ಬಳಕೆದಾರರ ಕೈಪಿಡಿ, ಗಡಿ ತಾಲ್ಲೂಕುಗಳ ಆವೃತ್ತಿ

ಈ ಕೈಪಿಡಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಘಟಪ್ರಭೆ ದಾಟಿ ಬಳಸಿದರೆ ಬರೆದವರು ಹೊಣೆಯಲ್ಲ. ಓದಲು ಕೂರುವ ಮೊದಲು ಕಬ್ಬಿನ ಬಿಲ್ಲು ಜಮಾ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಆಗಿರದಿದ್ದರೆ ಕೈಪಿಡಿಯನ್ನು ಮಡಿಚಿ ಮಾಡದಲ್ಲಿಡಿ. ಬಿಲ್ಲು ಬರುವಷ್ಟರಲ್ಲಿ ಇನ್ನೊಂದು ವಿಂಡೋಸ್ ಬಂದಿರಬಹುದು, ಆಗ ಹೇಗೂ ಪರಿಷ್ಕೃತ ಆವೃತ್ತಿ ಬೇಕಾಗುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಲ್ಯಾಪ್‌ಟಾಪ್ ಒಂದು, ಚಾರ್ಜರ್ ಒಂದು, ಯಾರೂ ಓದದ ಹಾಳೆಗಳು ಎರಡು. ಅಂಗೈ ಇಡುವ ಜಾಗದಲ್ಲಿ ಮೂರು ನಾಲ್ಕು ಸ್ಟಿಕ್ಕರ್. ಅದರಲ್ಲಿ ಒಂದು "ಫ್ಯೂಚರ್ ರೆಡಿ" ಎನ್ನುತ್ತದೆ. ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದು ಮನೆಯ ಹುಡುಗರ ಕೈಗೆ ಕೊಡಿ. ಕಂಪನಿಗೂ ಭವಿಷ್ಯ ಗೊತ್ತಿರುವುದಿಲ್ಲ. 2015ರಲ್ಲಿ ವಿಂಡೋಸ್ 10 ಬರುವ ಹೊತ್ತಿನಲ್ಲಿ, ಇದೇ ಕೊನೆಯ ವಿಂಡೋಸ್, ಇನ್ನು ಮುಂದೆ ಇದಕ್ಕೇ ತೇಪೆ ಹಾಕುತ್ತ ಹೋಗುತ್ತೇವೆ ಎಂಬ ಅರ್ಥದ ಮಾತು ಮೈಕ್ರೋಸಾಫ್ಟಿನವರ ಬಾಯಿಂದಲೇ ಬಂದಿತ್ತು. ಆರು ವರ್ಷ ಕಳೆದು 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ 10ರ ಬೆಂಬಲ ಮುಗಿಯಿತು.

ಇದನ್ನು ಚಿಕ್ಕೋಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆ ಎಂದು ಸಾರಿ, ಆಮೇಲೆ ಹಿಂದೆ ಸರಿಯಿತು. ಆದರೂ ಗಾಡಿಗಳಿಗೆ ಕೆಎ 23 ಎಂಬ ಸ್ವಂತ ನಂಬರಿದೆ, ಶಾಲೆಗಳಿಗೆ ಸ್ವಂತ ಉಪನಿರ್ದೇಶಕರಿದ್ದಾರೆ, ದಿಲ್ಲಿಗೆ ಸ್ವಂತ ಸಂಸದರು ಹೋಗುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟಿವಿಯಲ್ಲಿ ಚಿಕ್ಕೋಡಿಗೆ ಎಷ್ಟನೇ ಸ್ಥಾನ ಎಂದು ಜಿಲ್ಲೆಯ ಸಾಲಿನಲ್ಲೇ ತೋರಿಸುತ್ತಾರೆ. ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಮಾತ್ರ ಬೆಳಗಾವಿ ಬಸ್ಸು ಹತ್ತಬೇಕು. ಘೋಷಣೆಗೂ ಗೆಜೆಟ್ಟಿಗೂ ಇರುವ ದೂರ ಬಲ್ಲ ಜನ ನಾವು. ಲ್ಯಾಪ್‌ಟಾಪ್ ಕೊಳ್ಳುವಾಗಲೂ ಅದೇ ಜಾಣತನ ಸಾಕು. ವಿಂಡೋಸ್ 12 ಬರುತ್ತದಂತೆ, ಹಾಗಿರುತ್ತದಂತೆ ಎಂಬ ಮಾತಿಗೆಲ್ಲ ಹೂಂ ಅನ್ನಿ, ದುಡ್ಡು ಬಿಚ್ಚಬೇಡಿ. ಗೆಜೆಟ್ ಎಲ್ಲಿದೆ ಎಂದು ಹುಡುಕಿ.

ಗೆಜೆಟ್ ಓದುವ ಕ್ರಮ

ಅದು ಇದೆ. ಗಿರಾಕಿಗಳ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ, ಅಷ್ಟೇ.

ವಿಂಡೋಸ್ 11 ಬಂದಾಗ ಬಹಳ ಮಂದಿಯ ಯಂತ್ರಗಳನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಮುಖ್ಯವಾಗಿ ಎರಡು ಷರತ್ತು. ಒಂದು, ಟಿಪಿಎಂ 2.0. ಇದು ಗುಪ್ತ ಬೀಗದ ಕೈಗಳನ್ನು ಕಾದಿಡುವ ಪುಟ್ಟ ಭದ್ರತಾ ಚಿಪ್ಪು. ಈಚಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಪ್ರೊಸೆಸರಿನ ಒಳಗೇ ಇರುತ್ತದೆ. ಎರಡು, ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು. ಎಎಂಡಿಗೂ ಅಂಥದೇ ಒಂದು ಗೆರೆ. 2021ರಲ್ಲಿ ಎಲ್ಲರೂ ಸಿಡಿಲು ಬಡಿದವರ ಹಾಗೆ ಕೂತರು. ಆದರೆ ಹೊಸ ಯಂತ್ರ ಮಾಡುವ ಕಂಪನಿಗಳಿಗೆ ಮೈಕ್ರೋಸಾಫ್ಟು ಟಿಪಿಎಂ 2.0 ಕಡ್ಡಾಯ ಮಾಡಿದ್ದು 2016ರ ಜುಲೈಯಲ್ಲಿ. ಐದು ವರ್ಷ ಮೊದಲು! ತಯಾರಕರಿಗೆ ಹಾಕಿದ ಷರತ್ತು ಐದು ವರ್ಷ ನಡೆದು ನಡೆದು ಗಿರಾಕಿಯ ಮನೆಗೆ ಬಂತು.

ನನ್ನ ಮಟ್ಟಿಗೆ ಈ ಕೈಪಿಡಿಯಲ್ಲಿ ತಲೆಯಲ್ಲಿಟ್ಟುಕೊಳ್ಳಬೇಕಾದದ್ದು ಇದೊಂದೇ. ಮುಂದಿನ ವಿಂಡೋಸ್ ಏನು ಕೇಳುತ್ತದೆ ಎಂದು ಕಣಿ ಕೇಳಬೇಡಿ. ಈಗ ತಯಾರಕರಿಂದ ಏನು ಕೇಳುತ್ತಿದ್ದಾರೆ ಎಂದು ನೋಡಿ. ಈಗಿನ ಷರತ್ತು ಹೀಗಿದೆ: 2024ರ ಮೇ ತಿಂಗಳಲ್ಲಿ ಕೋಪೈಲಟ್ ಪ್ಲಸ್ ಎಂಬ ಹೊಸ ದರ್ಜೆ ಮಾಡಿದರು. ಆ ಹೆಸರು ಹಾಕಿಕೊಳ್ಳಬೇಕಾದರೆ 16 ಜಿಬಿ ರ‍್ಯಾಮ್, 256 ಜಿಬಿ ಎಸ್ಸೆಸ್ಡಿ, ಎಐ ಕೆಲಸಕ್ಕೆಂದೇ ಇರುವ, ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು ಇರಬೇಕು. ಇದರಲ್ಲಿ 16 ಜಿಬಿ ಮತ್ತು 256 ಜಿಬಿ ಕಣ್ಣು ಮುಚ್ಚಿ ತಗೊಳ್ಳಿ. ಎನ್‌ಪಿಯು ಪುಕ್ಕಟೆ ಬಂದರೆ ಬರಲಿ. ಅದೊಂದಕ್ಕೇ ಹದಿನೈದು ಇಪ್ಪತ್ತು ಸಾವಿರ ಹೆಚ್ಚು ಕೇಳಿದರೆ ಬೇಡ, ಆ ದುಡ್ಡು ರ‍್ಯಾಮಿಗೆ ಹಾಕಿ. ಇವತ್ತು ರಾಯಬಾಗದಲ್ಲಿ ಕೂತು ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಹುಡುಗಿಗೆ ಎನ್‌ಪಿಯುದಿಂದ ಆಗುವ ಉಪಕಾರ ಅಷ್ಟರಲ್ಲೇ ಇದೆ.

ಎಚ್ಚರಿಕೆ: ರ‍್ಯಾಮ್ ಬೋರ್ಡಿಗೇ ಬೆಸೆದಿದೆಯೋ, ಬೇರೆ ಹಾಕಲು ಸ್ಲಾಟ್ ಇದೆಯೋ ಕೇಳಿ. "ಆಮ್ಯಾಲ ಹೆಚ್ಚಿಗಿ ಹಾಕ್ಸಬಹುದ್ರಿ" ಎಂದು ಅಂಗಡಿಯವ ಅಂದರೆ ಹಿಂದಿನ ಮುಚ್ಚಳ ಬಿಚ್ಚಿ ತೋರಿಸಲು ಹೇಳಿ. ಬೆಸೆದ 8 ಜಿಬಿ ಎಂದರೆ ಆಯುಷ್ಯ ಪೂರ್ತಿ 8 ಜಿಬಿ. ಇನ್ನು 64 ಜಿಬಿ ಇಎಂಎಂಸಿ ಇರುವ ಅಗ್ಗದ ಯಂತ್ರ ಕಾಗದದ ಮೇಲೆ ವಿಂಡೋಸ್ 11ಕ್ಕೆ ಅರ್ಹ. ಮೊದಲ ದೊಡ್ಡ ಅಪ್‌ಡೇಟ್ ಬಂದಾಗ ಇಳಿಸಿಕೊಳ್ಳಲು ಅದರಲ್ಲಿ ಜಾಗವೇ ಇರುವುದಿಲ್ಲ.

ಹಲ್ಲು ನೋಡುವುದು

ಈ ಐದು ತಾಲ್ಲೂಕುಗಳಲ್ಲಿ ಹೊಸ ಲ್ಯಾಪ್‌ಟಾಪ್ ಕೊಳ್ಳುವವರಷ್ಟೇ ಸೆಕೆಂಡ್ಸ್ ಕೊಳ್ಳುವವರೂ ಇದ್ದಾರೆ. ಪುಣೆ, ಬೆಂಗಳೂರುಗಳ ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ದುಡಿಸಿ ಬಿಟ್ಟ ಯಂತ್ರಗಳು ಲಾಟಿನ ಮೇಲೆ ಲಾಟು ಕೊಲ್ಹಾಪುರ, ಮೀರಜ್, ಬೆಳಗಾವಿಗೆ ಬಂದು ಅಲ್ಲಿಂದ ಇತ್ತ ಹರಡುತ್ತವೆ. ಗಟ್ಟಿ ಯಂತ್ರಗಳೇ. ಹೊಸ ಅಗ್ಗದ ಪ್ಲಾಸ್ಟಿಕ್ಕಿಗಿಂತ ಅವೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪ್ರಶ್ನೆ ವಯಸ್ಸಿನದು.

ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರಿಗೆ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುವುದು ಹೊಸದಲ್ಲ. ಇಲ್ಲಿಯೂ ಎಣಿಸಬೇಕು, ಆದರೆ ಲೆಕ್ಕ ತಿರುಗುಮುರುಗು. ಎತ್ತಿಗೆ ಎಂಟು ಹಲ್ಲು ಬಂತೆಂದರೆ ಬಾಯಿಗೂಡಿತು, ಅಲ್ಲಿಂದ ಬೆಲೆ ಇಳಿಮುಖ. ಪ್ರೊಸೆಸರಿಗೆ ಎಂಟು ಬಂದ ಮೇಲೆಯೇ ಬೆಲೆ. ಎರಡು ಹಲ್ಲಿನ ಹೋರಿಗೆ ಮುಗಿಬೀಳುವ ಅಥಣಿಯ ರೈತ ಎರಡನೇ ಪೀಳಿಗೆಯ ಐ5 ಕಂಡರೆ ಕೈಮುಗಿದು ಮುಂದೆ ಹೋಗಬೇಕು.

ಅಂಗಡಿಯಲ್ಲಿ ನಡೆಯುವುದು ಹೀಗೆ. ಟೇಬಲ್ ಮೇಲೆ ಕಪ್ಪು ಲ್ಯಾಪ್‌ಟಾಪ್ ಬರುತ್ತದೆ. ಮುಚ್ಚಳದ ಮೇಲೆ ಯಾವುದೋ ಕಂಪನಿಯ ಆಸ್ತಿ ಸಂಖ್ಯೆಯ ಸ್ಟಿಕ್ಕರ್ ಅರ್ಧ ಕಿತ್ತು, ಅಂಟು ಉಳಿದ ಜಾಗದಲ್ಲಿ ಧೂಳು ಚೌಕಾಕಾರವಾಗಿ ಕೂತಿರುತ್ತದೆ. ಕೀಬೋರ್ಡಿನಲ್ಲಿ ಸ್ಪೇಸ್‌ಬಾರ್ ಬಲಗಡೆ ಮಾತ್ರ ಸವೆದು ಹೊಳೆಯುತ್ತಿರುತ್ತದೆ. ಅಂಗಡಿಯವ ಒದ್ದೆ ಬಟ್ಟೆಯಿಂದ ಪರದೆ ಒರೆಸುತ್ತ, "ಐ ಫೈವ್ ಐತ್ರಿ, ಕಂಪನಿ ಮಾಲು" ಎನ್ನುತ್ತಾನೆ. ಆತ ಸುಳ್ಳು ಹೇಳುತ್ತಿಲ್ಲ. ಐ5 ಎಂಬುದು ಅಡ್ಡಹೆಸರು. ಊರಿನಲ್ಲಿ ಪಾಟೀಲರು ಎಷ್ಟು ಮಂದಿಯೋ ಅಷ್ಟು ಐ5ಗಳಿವೆ. ಕೇಳಬೇಕಾದ್ದು ಅಡ್ಡಗೆರೆಯ ಆಚೆಯ ನಂಬರು. ಐ5-7200ಯು ಎಂದಿದ್ದರೆ ಏಳನೇ ಪೀಳಿಗೆ, ವಿಂಡೋಸ್ 11ರ ಪಟ್ಟಿಯಾಚೆ. ಐ5-8250ಯು ಎಂದಿದ್ದರೆ ಎಂಟನೆಯದು, ಪಟ್ಟಿಯೊಳಗೆ. ಐ5-10210ಯು, ಐ5-1135ಜಿ7 ಎಂದಿದ್ದರೆ ಮೊದಲ ಎರಡು ಅಂಕೆ ಓದಿ, ಹತ್ತು ಮತ್ತು ಹನ್ನೊಂದು. ಥಿಂಕ್‌ಪ್ಯಾಡ್ ಟಿ470 ಮತ್ತು ಟಿ480 ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಮೊದಲನೆಯದು ಪಟ್ಟಿಯಾಚೆ, ಎರಡನೆಯದು ಬಹುಪಾಲು ಪಟ್ಟಿಯೊಳಗೆ. ಬಹುಪಾಲು ಅಂದೆ, ಆದ್ದರಿಂದ ಮಾಡೆಲ್ ಹೆಸರು ನಂಬದೆ ಪ್ರೊಸೆಸರಿನ ನಂಬರನ್ನೇ ನೋಡಿ.

ಎಎಂಡಿಯವರದು ಇನ್ನೊಂದು ಚಮತ್ಕಾರ. ರೈಝೆನ್ 5 7520ಯು ಎಂದು ಓದಿ ಏಳು ಸಾವಿರದ ಸರಣಿ, ಹೊಸದು ಎಂದು ಹಿಗ್ಗಬೇಡಿ. ಅಲ್ಲಿ ಮೊದಲ ಅಂಕೆ ಮಾಡೆಲ್ ವರ್ಷ ಹೇಳುತ್ತದೆ, ಒಳಗಿನ ವಿನ್ಯಾಸ ಎಷ್ಟನೆಯದು ಎಂದು ಹೇಳುವುದು ಮೂರನೇ ಅಂಕೆ. ಇಲ್ಲಿ ಅದು 2. ಅಂದರೆ 2019ರಲ್ಲಿ ಬಂದ ಝೆನ್ 2. ಹೊಸ ಅಂಗಿಯೊಳಗೆ ಹಳೆಯ ಮೈ. ಇವತ್ತು ಅದು ವಿಂಡೋಸ್ 11ರ ಪಟ್ಟಿಯಲ್ಲಿದೆ, ಕೆಲಸವನ್ನೂ ಮಾಡುತ್ತದೆ. ಮುಂದಿನ ಗೆರೆ ಎಳೆದಾಗ ಅಂಗಿ ನೋಡುವುದಿಲ್ಲ.

ವಯಸ್ಸಿನ ಲೆಕ್ಕ ಬೇಕಾದವರಿಗೆ: ಎಂಟನೇ ಪೀಳಿಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಅದಕ್ಕೆ ಸ್ವಲ್ಪ ಮೊದಲು ಏಳನೆಯದನ್ನು ಹೊಚ್ಚಹೊಸದಾಗಿ ಕೊಂಡವನಿಗೆ ನಾಲ್ಕೇ ವರ್ಷಕ್ಕೆ "ನೀನು ಅರ್ಹನಲ್ಲ" ಎಂಬ ಸಂದೇಶ ಬಂತು, ಆದರೂ ವಿಂಡೋಸ್ 10ರ ಬಲದಿಂದ ಎಂಟು ವರ್ಷ ನಡೆಸಿದ. ವಿನ್ಯಾಸ ಬಂದು ಎರಡು ವರ್ಷದೊಳಗಿನ ಪ್ರೊಸೆಸರ್ ಕೊಂಡರೆ ಆರೇಳು ವರ್ಷ ಚಿಂತೆಯಿಲ್ಲ ಎಂದು ಇದರಿಂದ ಅಂದಾಜು ಕಟ್ಟಬಹುದು. ಅದಕ್ಕಿಂತ ಹೆಚ್ಚಿನ ಭರವಸೆ ಕೊಡುವವರು ಇನ್ಶೂರೆನ್ಸ್ ಏಜೆಂಟರು.

"ಹನ್ನೊಂದ ಹಾಕಿ ಕೊಡ್ತೀನ್ರಿ"

ಏಳನೇ ಪೀಳಿಗೆ ಎಂದು ನೀವು ಕಂಡುಹಿಡಿದ ತಕ್ಷಣ ಈ ಮಾತು ಬರುತ್ತದೆ. "ಹನ್ನೊಂದ ಹಾಕಿ ಕೊಡ್ತೀನ್ರಿ, ಆರಾಮ ನಡೀತೈತಿ, ನಾ ಅದೀನಲ್ರಿ." ನಿಜ, ಹಾಕಬಹುದು. ಅರ್ಹತೆ ತಪಾಸಣೆಯನ್ನು ಹಾರಿಸಿ ಒಳಗೆ ನುಗ್ಗಿಸುವ ದಾರಿಗಳು ಎಲ್ಲರಿಗೂ ಗೊತ್ತು. ನಡೆಯುತ್ತದೆ ಕೂಡ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರದ ಪಟ್ಟಿಗೆ ಬರೆದಿತ್ತು, ಊರು ಕರ್ನಾಟಕದಲ್ಲೇ ಉಳಿಯಿತು. ಪಟ್ಟಿ ಹೇಳಿದ್ದಕ್ಕೆಲ್ಲ ಬದುಕು ನಿಲ್ಲುವುದಿಲ್ಲ ಎಂದು ಅಲ್ಲಿಯವರಿಗೆ ನಾನು ಹೇಳಬೇಕೆ? ಆದರೆ ಲ್ಯಾಪ್‌ಟಾಪಿಗೆ ವಿಧಾನಸೌಧವಿಲ್ಲ. ಹೀಗೆ ಹಾಕಿದ ಯಂತ್ರಕ್ಕೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಮತ್ತೆ ನುಗ್ಗಿಸಬೇಕು. ಯಾವುದೇ ಅಪ್‌ಡೇಟಿಗೆ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಕೈತೊಳೆದುಕೊಂಡಿದೆ. "ನಾ ಅದೀನಲ್ರಿ" ಎಂದವ ಆ ಹೊತ್ತಿಗೆ ಅಂಗಡಿ ಮುಚ್ಚಿ ಮೊಬೈಲ್ ಕವರ್ ಮಾರುತ್ತಿರಬಹುದು.

ಪರೀಕ್ಷಾ ವಿಧಾನ: ಕೊಳ್ಳುವ ಯಂತ್ರದಲ್ಲಿ ವಿಂಡೋಸ್ ಮತ್ತು ಆರ್ ಗುಂಡಿ ಒಟ್ಟಿಗೆ ಒತ್ತಿ, ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಟೈಪ್ ಮಾಡಿಸಿ. 2.0 ಎಂದು ಬರಬೇಕು. ಏನೂ ಇಲ್ಲ ಎಂದು ಬಂದರೆ ಕೂಡಲೇ ಏಳಬೇಡಿ. ಬಯಾಸಿನಲ್ಲಿ ಅದನ್ನು ಆಫ್ ಮಾಡಿಟ್ಟಿರಬಹುದು, ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಸಿಗುತ್ತದೆ. ಆಮೇಲೆ ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಓಡಿಸಿ. ಪರದೆಯ ಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಎಂಬ ಮಸುಕು ಬರಹ ಇದ್ದರೆ ಲೈಸೆನ್ಸಿನ ದುಡ್ಡನ್ನು ಬೆಲೆಯಲ್ಲಿ ಮುರಿಸಿ.

ಕಾರ್ಯ ನಿರ್ವಹಣೆಯ ಪರಿಸರ

ತಯಾರಕರು 35 ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದು ಬರೆದಿರುತ್ತಾರೆ. ಅಥಣಿಯ ತಗಡಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಅವರು ಕೂತು ನೋಡಿಲ್ಲ. ನಿಪ್ಪಾಣಿಯಲ್ಲಿ ತಂಬಾಕಿನ ಧೂಳು, ಉಗಾರದಲ್ಲಿ ಹಂಗಾಮಿನ ದಿನ ಒಣಹಾಕಿದ ಬಟ್ಟೆಯ ಮೇಲೆ ಬೀಳುವ ಕರಿಬೂದಿ, ಎರಡೂ ಫ್ಯಾನಿನ ಸಂದಿಗೆ ಹೋಗುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಊದಿಸಿ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯವರು ಮಳೆಗಾಲದಲ್ಲಿ ಯಂತ್ರವನ್ನು ಅಟ್ಟದ ಮೇಲಿಡಿ. 2019ರ ಆಗಸ್ಟ್‌ನ ನೆರೆ ನೆನಪಿದ್ದವರಿಗೆ ಕಾರಣ ಬೇಕಿಲ್ಲ.

ಎರಡು ಲಿಪಿಗಳ ಸಂಗತಿ

ಯಂತ್ರದ ಮಾತಾಯಿತು. ಇನ್ನು ಅದರೊಳಗಿನದು. ನನ್ನ ಅನುಭವದಲ್ಲಿ ಈ ಭಾಗದಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ಮೊದಲು ಬಲಿಯಾಗುವುದು ಯಂತ್ರವಲ್ಲ, ಅಕ್ಷರ.

ನಿಪ್ಪಾಣಿ, ಕಾಗವಾಡ ಕಡೆಯ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಬೀಗರಲ್ಲಿ ಒಂದು ಕಡೆಯವರು ಕನ್ನಡದವರು, ಇನ್ನೊಂದು ಕಡೆಯವರು ಮರಾಠಿಯವರು. ಮದುವೆ ಪತ್ರಿಕೆ ಎರಡೂ ಲಿಪಿಯಲ್ಲಿ ಬೇಕು. ಮುಂದುಗಡೆ ಗಿರಾಕಿಗೆ ತೋರಿಸಲು ಹೊಸ ಕಂಪ್ಯೂಟರ್ ಇರುತ್ತದೆ. ಕೆಲಸ ನಡೆಯುವುದು ಒಳಗಿನ ಮೂಲೆಯಲ್ಲಿ, ಹಳದಿಗಟ್ಟಿದ ಡಬ್ಬದಲ್ಲಿ. ಅದರಲ್ಲಿ ಪೇಜ್‌ಮೇಕರ್ 7 ಇದೆ. 2001ರಲ್ಲಿ ಬಂದ ಆ ಆವೃತ್ತಿಯೇ ಕೊನೆಯದು, ಅಡೋಬಿ ಮತ್ತೊಂದು ಮಾಡಲಿಲ್ಲ. ಜೊತೆಗೆ ಕನ್ನಡಕ್ಕೆ ನುಡಿ, ಮರಾಠಿಗೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ. ಡಬ್ಬದ ಹಿಂಬದಿಗೆ ಬೆರಳುದ್ದದ ಡಾಂಗಲ್, ಸಡಿಲಾಗದಂತೆ ಅದಕ್ಕೊಂದು ರಬ್ಬರ್ ಬ್ಯಾಂಡ್. ಅದು ಕಿತ್ತರೆ ಲಿಪಿ ಇಲ್ಲ, ಲಿಪಿ ಇಲ್ಲದಿದ್ದರೆ ಪತ್ರಿಕೆ ಇಲ್ಲ, ಮುಹೂರ್ತ ಮಾತ್ರ ನಿಲ್ಲುವುದಿಲ್ಲ. ಹಳೆಯ ಡಾಂಗಲ್ ಪ್ರಿಂಟರ್ ಪೋರ್ಟಿನದಾದರೆ ಇವತ್ತಿನ ಯಾವ ಲ್ಯಾಪ್‌ಟಾಪಿಗೂ ಅದನ್ನು ಸಿಕ್ಕಿಸುವ ತೂತೇ ಇಲ್ಲ. ಇಂಥ ಅಂಗಡಿಯವರು ಬಂದು "ಮುಂದಿನ ವಿಂಡೋಸಿಗೆ ನಡಿಯೂ ಲ್ಯಾಪ್‌ಟಾಪ್ ಯಾವ್ದ್ರಿ" ಎಂದರೆ, ಮೊದಲು ಅವರ ಫೈಲು ನೋಡಬೇಕು.

ಹಳೆಯ ನುಡಿ, ಶ್ರೀಲಿಪಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಫಾಂಟ್ ಇರುವವರೆಗೆ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ವಾಟ್ನಿ ಪತ್ರ, ಅದೇ ಸೊಸೈಟಿಯ ಠರಾವು, ತಲೆಯ ಮೇಲೆ ಬಾಲ ಹೊತ್ತ ರೋಮನ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಬಂತು. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದು ಫೋನು, ಮ್ಯಾಕ್, ಲಿನಕ್ಸ್, ಮುಂದೆ ಬರುವ ವಿಂಡೋಸ್, ಎಲ್ಲದರಲ್ಲೂ ಕನ್ನಡವಾಗಿಯೇ ತೆರೆಯುತ್ತದೆ. ಹಾಗಾಗಿ ಲ್ಯಾಪ್‌ಟಾಪಿಗೆ ಐವತ್ತು ಸಾವಿರ ಸುರಿಯುವ ಮುಂಚೆ ಒಂದು ವಾರ ಕೂತು ಹಳೆಯ ಫೈಲುಗಳನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತನ್ನಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಕಣ್ಣಿಂದ ಓದಿ ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ, ಯೂನಿಕೋಡಿನಲ್ಲಿ ಅಕ್ಷರದ ಮೊದಲು. ಸ್ಥಾನ ತಪ್ಪಿ ಕೂತು "ಕರ್ನಾಟಕ"ವನ್ನೇ ಕೆಡಿಸುವ ಸಂಭವ ಉಂಟು. ಗಡಿಯಲ್ಲಿ ಕೂತು ಆ ಒಂದು ಪದವನ್ನು ತಪ್ಪು ಅಚ್ಚು ಹಾಕಿದರೆ ಏನಾಗುತ್ತದೆ ಎಂದು ಕೈಪಿಡಿ ವಿವರಿಸುವುದಿಲ್ಲ.

ಜೋಡಿಸುವ ಸಾಧನಗಳು

ಗ್ರಾಮ ಒನ್ ಕೇಂದ್ರದವರು, ಪಡಿತರ ಅಂಗಡಿಯವರು, ಜಿಎಸ್‌ಟಿ ಫೈಲ್ ಮಾಡುವವರು ಇಲ್ಲಿ ನಿಲ್ಲಿ. ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಲ್ಯಾಪ್‌ಟಾಪುಗಳ ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಹೆಸ್ಕಾಂ ಗಿರಾಕಿಗಳಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಅವು ಆರ್ಮ್ ಜಾತಿಯವು. ಇಂಟೆಲ್ಲಿಗೆ ಬರೆದ ತಂತ್ರಾಂಶಗಳನ್ನು ಅನುಕರಿಸಿ ಓಡಿಸುತ್ತವೆ, ಡ್ರೈವರುಗಳನ್ನು ಅಲ್ಲ. ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಪ್ರತಿಯೊಂದಕ್ಕೂ ಆರ್ಮ್ ಡ್ರೈವರ್ ಬೇರೆ ಬೇಕು. ನಿಮ್ಮ ಸಾಧನಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ಯಿರಿ, ಅಲ್ಲೇ ಸಿಕ್ಕಿಸಿ ನೋಡಿ. ಮುಜುಗರ ಬೇಡ. ಆಧಾರಿನ ಬೆರಳಚ್ಚು ಯಂತ್ರಗಳೇ ಎಲ್0 ಹೋಗಿ ಎಲ್1 ಆದವು, ಚೆನ್ನಾಗಿದ್ದ ಯಂತ್ರ ಒಂದು ಸುತ್ತೋಲೆಗೆ ಹಳತಾಯಿತು. ಇದನ್ನು ಕಂಡವರು ಅಂಗಡಿಯಲ್ಲಿ ನಾಚಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮ್ಯಾಕ್ ಬೇಕೆನ್ನುವವರಿಗೆ ಒಂದೇ ಸಾಲು: ಇಂಟೆಲ್ ಇರುವ ಹಳೆಯ ಮ್ಯಾಕ್‌ಬುಕ್ ಎಷ್ಟು ಅಗ್ಗಕ್ಕೆ ಬಂದರೂ ಬಿಡಿ, 2025ರ ಟಾಹೋ ಆವೃತ್ತಿಯೇ ಅವಕ್ಕೆ ಕೊನೆಯದೆಂದು ಆಪಲ್ ಹೇಳಿಯಾಗಿದೆ. ಕ್ರೋಮ್‌ಬುಕ್ ಆದರೆ ಅಪ್‌ಡೇಟ್ ಯಾವ ತಾರೀಕಿಗೆ ಮುಗಿಯುತ್ತದೆಂದು ಸೆಟ್ಟಿಂಗ್ಸಿನಲ್ಲೇ ಬರೆದಿರುತ್ತಾರೆ. ಅಷ್ಟು ಪ್ರಾಮಾಣಿಕತೆ ಉಳಿದವರೂ ತೋರಿಸಬಹುದಿತ್ತು.

ತೊಂದರೆ ನಿವಾರಣೆ

ತೊಂದರೆ: ಮನೆಯಲ್ಲಿ ಈಗಾಗಲೇ ಏಳನೇ ಪೀಳಿಗೆಯ ಲ್ಯಾಪ್‌ಟಾಪ್ ಇದೆ, ಚೆನ್ನಾಗಿಯೇ ಇದೆ, ಎಸೆಯಲು ಮನಸ್ಸಿಲ್ಲ.

ನಿವಾರಣೆ: ಎಸೆಯಬೇಡಿ. ವಿಂಡೋಸ್ 10ಕ್ಕೆ ಮನೆಬಳಕೆದಾರರು 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಿಸಲು ಅವಕಾಶ ಕೊಟ್ಟಿದ್ದಾರೆ. ಅದು ವಾಯಿದೆ, ಪರಿಹಾರವಲ್ಲ. ಪರಿಹಾರ ಬೇಕಾದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. ಏಳು ಬಿಡಿ, ನಾಲ್ಕನೇ ಪೀಳಿಗೆಯ ಮೇಲೂ ಅವು ತಕರಾರಿಲ್ಲದೆ ಕೂರುತ್ತವೆ. ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನಿಲ್ಲ. ಇದೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಶೋಕಿ ಎನ್ನುವವರು ನಮ್ಮ ಹಾಗೆಯೇ ಗಡಿಯಲ್ಲಿರುವ ಕಾಸರಗೋಡಿನ ಕಡೆ ನೋಡಲಿ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪುಸ್ತಕದಲ್ಲಿ, ಅದೇ ಲಿನಕ್ಸ್ ಯಂತ್ರದಲ್ಲಿ ಕಲಿಯುತ್ತಾರೆ. ಅಲ್ಲಿನ ಎಂಟನೇ ತರಗತಿಯ ಹುಡುಗ ಮಾಡುವುದನ್ನು ಚಿಕ್ಕೋಡಿಯ ಇಂಜಿನಿಯರಿಂಗ್ ವಿದ್ಯಾರ್ಥಿ ಮಾಡಬಲ್ಲ. ಟ್ಯಾಲಿ, ಪೇಜ್‌ಮೇಕರ್ ಇಲ್ಲದೆ ಆಗದು ಎನ್ನುವವರಿಗೆ ಇದು ಹೊಂದುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ.

ತೊಂದರೆ: ಮಗ 80 ಸಾವಿರದ ಗೇಮಿಂಗ್ ಲ್ಯಾಪ್‌ಟಾಪೇ ಬೇಕು, ಮುಂದಿನ ಹತ್ತು ವರ್ಷಕ್ಕೆ ನೋಡಬೇಕಿಲ್ಲ ಎನ್ನುತ್ತಾನೆ.

ನಿವಾರಣೆ: ಹತ್ತು ವರ್ಷದ ಮಾತನ್ನು ಬರೆದು ಸಹಿ ಮಾಡಿಸಿಕೊಳ್ಳಿ.

ವಾರಂಟಿ

ಹೊಸದಕ್ಕೆ ಮನೆಗೆ ಬಂದು ರಿಪೇರಿ ಮಾಡುವ ವಾರಂಟಿ ಇದ್ದರೆ ನಿಮ್ಮ ಪಿನ್‌ಕೋಡಿಗೆ ಬರುತ್ತಾರೆಯೇ ಎಂದು ಕಂಪನಿಯ ನಂಬರಿಗೆ ಫೋನ್ ಮಾಡಿಯೇ ಕೇಳಿ, ಅಂಗಡಿಯವನನ್ನು ಕೇಳಬೇಡಿ. ಸೆಕೆಂಡ್ಸಿಗೆ "ಟೆಸ್ಟಿಂಗ್ ವಾರಂಟಿ" ಎಂದರೆ ಅಂಗಡಿಯ ಮೆಟ್ಟಿಲಿಳಿಯುವವರೆಗೆ ಎಂದು ತಿಳಿಯಿರಿ, ಕನಿಷ್ಠ ಆರು ತಿಂಗಳು ಬರೆಸಿ. ಬಿಲ್ಲಿನ ಮೇಲೆ ಪ್ರೊಸೆಸರಿನ ಪೂರ್ತಿ ನಂಬರು, ರ‍್ಯಾಮ್, ಎಸ್ಸೆಸ್ಡಿ, ಸೀರಿಯಲ್ ನಂಬರು, ವಿಂಡೋಸ್ ಲೈಸೆನ್ಸ್ ಇದೆಯೋ ಇಲ್ಲವೋ, ಇಷ್ಟನ್ನೂ ಬರೆಸಿ. ಬರೆಯಲು ಅಂಗಡಿಯವ ಮೀನಮೇಷ ಎಣಿಸಿದರೆ ಚಹಾ ಕುಡಿದು ಎದ್ದು ಬನ್ನಿ. ಮೀರಜ್‌ನಲ್ಲಿದ್ದರೆ ಸಂಜೆಯ ಬೆಳಗಾವಿ ಪ್ಯಾಸೆಂಜರ್ ಇದೆ, ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಎಲ್ಲ ಕಡೆ ನಿಲ್ಲುತ್ತದೆ.